ಮಾವನ ಮಾತು, ನನ್ನ ಕಾಲು

ನಾನು ಮೊದಲ ಸಲ ಎದ್ದು ನಡೆದದ್ದು ಮಣ್ಣೆತ್ತಿನ ಅಮಾಸಿಯ ಮರುದಿನ. ಆಗ ಎಂಟನೇ ಇಯತ್ತೆ. ಮಾಸ್ತರು, "ಹೆಡ್‌ಮಾಸ್ತರ ಖೋಲಿಯಿಂದ ಸೀಮೆಸುಣ್ಣ ತಗೊಂಬಾ" ಅಂದರು. ತಗೊಂಡೆ. ಹೊರಗೆ ಬಂದರೆ ಸಾಲಿಯ ಗೇಟು ತೆರೆದಿತ್ತು. ಗೇಟಿನಾಚೆ ರಸ್ತೆ ಇತ್ತು. ರಸ್ತೆ ಕುಳಗೇರಿ ಕ್ರಾಸಿನ ಕಡೆ ಹೊರಟಿತ್ತು. ಅದೊಂದೇ ಯಾಕೆ ಹೋಗಬೇಕು ಅಂತ ನಾನೂ ಜೋಡಿ ಹೋದೆ. ಸಂಜೆ ನಮ್ಮವ್ವ ಹುಡುಕಿಕೊಂಡು ಬಂದಾಗ ಕ್ರಾಸಿನಲ್ಲಿ ನಿಂತ ಲಾರಿಯೊಂದರ ಹಿಂಬದಿಗೆ ಅದೇ ಸೀಮೆಸುಣ್ಣದಿಂದ ಜೋಡೆತ್ತು ಬರೆಯುತ್ತಿದ್ದೆ. ಮಾಸ್ತರು ಇನ್ನೂ ಸೀಮೆಸುಣ್ಣದ ಹಾದಿ ಕಾಯುತ್ತಿರಬಹುದು.

ಅವತ್ತಿನಿಂದ ನನ್ನ ಬಾಳಿನಲ್ಲಿ ಇಂಥವೇ ನಡೆಯುತ್ತ ಬಂದಿವೆ. ಕೆಲಸಕ್ಕೆ ಸೇರುತ್ತೇನೆ, ಎಲ್ಲಾ ಛಲೋ ಇರುತ್ತದೆ, ಆಮೇಲೆ ಏನೋ ಒಂದು ಫಜೀತಿ ಆಗುತ್ತದೆ, ಎಲ್ಲೋ ಒಂದು ಗೇಟು ತೆರೆದಿರುತ್ತದೆ. ಈಗೀಗ ಊರಿನ ಹುಡುಗರು ಹೊಸದಾಗಿ ಕೆಲಸಕ್ಕೆ ಸೇರುವ ಮುಂಚೆ ನನ್ನ ಹತ್ತಿರ ಬರುತ್ತಾರೆ. "ಅಣ್ಣಾ, ಕೆಲಸದಾಗ ಛಲೋ ಹೆಸರು ತಗೊಳ್ಳೂದು ಹ್ಯಾಂಗ?" ಬಾವಿ ಎಷ್ಟು ಆಳ ಅಂತ ಬಿದ್ದವನನ್ನೇ ಕೇಳಬೇಕು ಅನ್ನುವುದು ಅವರ ವಿಚಾರ. ಅದೂ ಖರೆ.

ನನಗೆ ಎಲ್ಲ ಕೆಲಸ ಕೊಡಿಸಿದವರು ನಮ್ಮ ಸೋದರಮಾವ. ಹುನಗುಂದದಲ್ಲಿ ದರ್ಜಿ. ಹೇಳಿದ ದಿನಕ್ಕೆ ಬಟ್ಟೆ ಹೊಲಿದು ಕೊಡುವ ದರ್ಜಿ ಅಂದರೆ ನೀವು ನಂಬಲಿಕ್ಕಿಲ್ಲ. ನಾನೂ ಬೇರೆ ಕಡೆ ನೋಡಿಲ್ಲ. ಮಾವ ಗುರುವಾರ ಅಂದರೆ ಗುರುವಾರ. ಹಿಂಗಾಗಿ ಸುತ್ತಲಿನ ನಾಲ್ಕೂರಿನಲ್ಲಿ ಅವರ ಮಾತಿಗೆ ತೂಕ. ಫೋನ್ ಹಚ್ಚಿ, "ನಮ್ಮ ಅಕ್ಕನ ಮಗ ಅದಾನ್ರಿ, ನಾ ಹೇಳ್ತೇನಿ" ಅಂದರೆ ಮುಗಿಯಿತು, ನನಗೆ ಕೆಲಸ. ಪ್ರತಿ ಸಲ ಫೋನ್ ಇಟ್ಟ ಮೇಲೆ ನನಗೊಂದು ಉಪದೇಶ. ಆ ಉಪದೇಶಗಳನ್ನು ನಾನು ಒಂದೂ ಬಿಡದೆ ಪಾಲಿಸಿದ್ದೇನೆ. ತೊಂದರೆ ಆಗಿದ್ದೇ ಅಲ್ಲಿ.

೧. ‘ಇಲ್ಲ’ ಅನ್ನಬ್ಯಾಡ

ಮೊದಲ ಕೆಲಸ ಕುಳಗೇರಿ ಕ್ರಾಸಿನ ಒಂದು ಖಾನಾವಳಿ. ಮಾವನ ಉಪದೇಶ: "ಗಿರಾಕಿಗೆ ಯಾವತ್ತೂ ‘ಇಲ್ಲ’ ಅನ್ನಬ್ಯಾಡ. ‘ಇಲ್ಲ’ ಅನ್ನಾವನ ಹೆಸರು ಯಾರೂ ನೆನಪಿಡೂದಿಲ್ಲ."

ಬಿಸಿ ರೊಟ್ಟಿ ಐತೇನು? ಐತ್ರಿ. ಎಣ್ಣೆಗಾಯಿ? ಐತ್ರಿ. ಇಲ್ಲದಿದ್ದರೆ ಓಡಿಹೋಗಿ ಎದುರಿನ ಖಾನಾವಳಿಯಿಂದ ತರುತ್ತಿದ್ದೆ. ಸಾವಕಾರರು ಮೆಚ್ಚಿದ್ದರು.

ಒಂದು ದಿನ ಮುಂಜಾನೆ ಮೂರು ಮಂದಿ ಬಂದರು. ಒಬ್ಬರು ಹಿರಿಯರು, ಇನ್ನೊಬ್ಬರು ಅವರ ತಮ್ಮ, ನಡುವೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬೆವರುತ್ತಿದ್ದ ಒಬ್ಬ ವರ. ಕಲಾದಗಿಗೆ ಕನ್ಯಾ ನೋಡಲಿಕ್ಕೆ ಹೊರಟವರು.

"ತಮ್ಮಾ, ಎಕ್ಸ್‌ಪ್ರೆಸ್ ಬಸ್ ಇಲ್ಲಿ ನಿಂದರತೈತೇನು?"

"ನಿಂದರತೈತ್ರಿ."

ನಿಲ್ಲುವುದಿಲ್ಲ ಅಂತ ನನಗೆ ಗೊತ್ತಿತ್ತು. ಆದರೆ ಮಾವನ ಮಾತು! ನಾಷ್ಟಾ ಮಾಡಿ ರಸ್ತೆಗೆ ಹೋದರು. ಬಸ್ಸು ಅವರ ಮೇಲೆ ಧೂಳು ಹಾರಿಸಿ ಹೋಯಿತು. ವಾಪಸು ಬಂದರು.

"ನಿಂದರ್ಲಿಲ್ಲಲ್ಲೋ!"

"ಮುಂದಿಂದು ನಿಂದರತೈತ್ರಿ. ಅಲ್ಲೀತನಕ ಊಟ ಮಾಡ್ರಿ."

ಊಟ ಮಾಡಿದರು. ಮುಂದಿನದೂ ಹೋಯಿತು. ಚಹಾ ಕುಡಿದರು. ಅದರ ಮುಂದಿನದೂ ಹೋಯಿತು. ಹಿರಿಯರು ಸಿಟ್ಟಿನಿಂದ ಕಲಾದಗಿಗೆ ಫೋನ್ ಹಚ್ಚಿ, "ಇಲ್ಲೊಬ್ಬ ಹುಡುಗ ನಮ್ಮನ್ನ ಹಿಡಕೊಂಡು ಕುಂತಾನ್ರಿ" ಅಂದರು. ಕನ್ಯಾದವರು ಪಾಪ, ಏನೋ ಅನಾಹುತ ಆಗಿದೆ ಅಂತ ತಿಳಿದು ಹುಡುಗಿಯನ್ನೂ ಕೂಡಿಸಿಕೊಂಡು ಟಂಟಂ ಗಾಡಿ ಮಾಡಿಕೊಂಡು ಖಾನಾವಳಿಗೇ ಬಂದುಬಿಟ್ಟರು. ಬಂದಿದ್ದೀವಿ ಹೆಂಗೂ ಅಂತ ಅಲ್ಲಿಯೇ ಎರಡು ಟೇಬಲ್ ಜೋಡಿಸಿ ಕನ್ಯಾ ತೋರಿಸುವ ಕಾರ್ಯಕ್ರಮ ಸುರುವಾಯಿತು. ಹಿರಿಯರು ಗಂಟಲು ಸರಿಮಾಡಿಕೊಂಡು, "ಏನವ್ವಾ, ನಿನಗ ಒಪ್ಪಿಗಿ ಐತೇನು?" ಅಂದರು.

ಹುಡುಗಿ ತಲೆ ತಗ್ಗಿಸಿದಳು. ಎಲ್ಲರೂ ಆಕೆಯ ಬಾಯಿ ನೋಡಿದರು. ನೀರಿನ ತಂಬಿಗೆ ಹಿಡಿದು ಹಿಂದೆ ನಿಂತಿದ್ದ ನಾನು ರೂಢಿಯ ಮೇಲೆ, "ಐತ್ರಿ!" ಅಂದೆ.

ಅವತ್ತೇ ತಂಬಿಗೆ ಟೇಬಲ್ಲಿನ ಮೇಲಿಟ್ಟು ನಡೆದೆ. ಲಗ್ನ ಆಯಿತಂತೆ. ನನ್ನನ್ನು ಕರೆಯಲಿಲ್ಲ.

೨. ಗಿರಾಕಿ ನಿನ್ನ ನೆನಪಿಡಬೇಕು

ಎರಡನೆಯದು ಬಾದಾಮಿಯ ಒಂದು ಲಾಡ್ಜು. ಈ ಸಲದ ಉಪದೇಶ: "ಹೌದು-ಅಲ್ಲ ಸಾಯಲಿ. ಊರಿಗೆ ಹೋದ ಮ್ಯಾಲೂ ಗಿರಾಕಿ ನಿನ್ನ ನೆನೆಸಬೇಕು, ಹಂಗ ಕೆಲಸ ಮಾಡು."

ಲಾಡ್ಜಿನ ಮಾಲಕರಿಗೂ ಅದೇ ಬೇಕಾಗಿತ್ತು. ಗಿರಾಕಿಗಳು ಫೋನಿನಲ್ಲಿ ಕೊಡುವ ಸ್ಟಾರ್ ಚುಕ್ಕಿಗಳ ಮೇಲೆ ಅವರ ಜೀವ. ಮುಂಜಾನೆ ದೇವರಿಗೆ ಊದಿನಕಡ್ಡಿ ಬೆಳಗಿ, ಆಮೇಲೆ ಫೋನ್ ತೆರೆದು ಚುಕ್ಕಿ ಎಣಿಸುತ್ತಿದ್ದರು.

ಬಾದಾಮಿಯ ಗುಡ್ಡದ ಮಂಗ್ಯಾಗಳು ನಿಮಗೆ ಗೊತ್ತಲ್ಲ. ಗುಹೆ ನೋಡಲು ಬಂದವರ ಕನ್ನಡಕ ಕಸಿದುಕೊಂಡು ಬಂಡೆ ಏರುತ್ತವೆ. ಬಾಳೆಹಣ್ಣು ತೋರಿಸಿದರೆ ತಿರುಗಿ ಸಹ ನೋಡುವುದಿಲ್ಲ, ದಿನಾ ತಿಂದು ಬೇಸತ್ತಿವೆ. ನಾನು ಒಂದು ದಿನ ಶೇಂಗಾ ಉಂಡಿ ತೋರಿಸಿದೆ. ಅವುಗಳಲ್ಲಿ ಒಂದು ದೊಡ್ಡ ಗಂಡು ಮಂಗ್ಯಾ ಕೆಳಗೆ ಇಳಿದು ಬಂದು, ಕನ್ನಡಕ ನನ್ನ ಕೈಯಲ್ಲಿ ಇಟ್ಟು, ಉಂಡಿ ತಗೊಂಡು ಹೋಯಿತು. ಅಷ್ಟೇ. ಎಂಟು ದಿನದಲ್ಲಿ ನನ್ನ ಹೆಸರು ಫೋನಿನ ತುಂಬ. ‘ಕನ್ನಡಕ ಹೋದರೆ ಈ ಹುಡುಗನನ್ನು ಕೇಳಿ.’ ಐದು ಚುಕ್ಕಿ. ಮಾಲಕರು ನನಗೆ ಹೊಸ ಅಂಗಿ ಹೊಲಿಸಿದರು.

ಒಂದು ತಿಂಗಳಿಗೆ ಹವಾ ತಿರುಗಿತು. ಯಾರೋ ಒಬ್ಬರು, ‘ಮಂಗವೂ ಹುಡುಗನೂ ಒಂದೇ ಕಂಪನಿಯವರು ಅನ್ನಿಸುತ್ತದೆ, ಆದರೂ ಸೇವೆ ಚೆನ್ನಾಗಿದೆ’ ಅಂತ ಬರೆದು ಮೂರು ಚುಕ್ಕಿ ಕೊಟ್ಟರು. ಮಾಲಕರು ಕೌಂಟರಿಗೆ ಕರೆಸಿದರು.

"ಖರೆ ಹೇಳು. ಮಂಗ್ಯಾಗ ನೀನ ಕಲಿಸೀಯೇನು?"

"ಇಲ್ರಿ! ನನಗೂ ಅದಕ್ಕೂ ಏನೂ ಸಂಬಂಧ ಇಲ್ರಿ. ಅದರ ಮಾರಿ ಸೈತ ನನಗ ಸರಿಯಾಗಿ ಗೊತ್ತಿಲ್ರಿ."

ಮಾತು ಮುಗಿದಿರಲಿಲ್ಲ. ತೆರೆದ ಕಿಟಕಿಯಿಂದ ಅದೇ ದೊಡ್ಡ ಮಂಗ್ಯಾ ಒಳಗೆ ಬಂತು. ಗುಡ್ಡದವರೆಗೆ ನಾನು ಬರುವುದನ್ನು ಕಾಯುವುದು ಅದಕ್ಕೂ ಬೇಸರವಾಗಿತ್ತೇನೋ. ಯಾರದೋ ಕಪ್ಪು ಕನ್ನಡಕವನ್ನು ಕೌಂಟರಿನ ಮೇಲೆ, ನನ್ನ ಮುಂದೆ, ನೆಟ್ಟಗೆ ಇಟ್ಟು ಕೈ ಚಾಚಿ ಕುಳಿತುಕೊಂಡಿತು.

ಮಾಲಕರು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಸಂಬಂಧ ಇಲ್ಲ ಅಂದಿ. ಪಗಾರ ಕೇಳಾಕ ಬಂದೈತಲ್ಲೋ!"

ನಾನು ಕೆಲಸ ಬಿಟ್ಟು ನಡೆದೆ. ಮಂಗ್ಯಾ ಇನ್ನೂ ಕೆಲಸದ ಮೇಲೆ ಇದೆ.

೩. ಮಂದಿ ‘ನಮ್ಮವ’ ಅನ್ನಬೇಕು

ಮೂರನೆಯದು ಬಾಗಲಕೋಟೆ, ನವನಗರದಲ್ಲಿ ಪಾರ್ಸಲ್ ಮುಟ್ಟಿಸುವ ಕೆಲಸ. ಮಾವನ ದನಿ ಈ ಸಲ ಸ್ವಲ್ಪ ಸಣ್ಣಗಾಗಿತ್ತು. "ಮಂಗ್ಯಾನ ಜೋಡಿ ಬ್ಯಾಡ. ಮಂದಿ ಜೋಡಿ ಹೊಂದಿಕೊ. ‘ಇಂವ ನಮ್ಮವ’ ಅನ್ನಬೇಕು ಅವರು."

ಹಳೇ ಊರಿನ ಎಷ್ಟೋ ಓಣಿಗಳು ಆಲಮಟ್ಟಿ ಡ್ಯಾಮಿನ ಹಿನ್ನೀರಿಗೆ ಹೋದ ಮೇಲೆ ಆ ಮಂದಿ ನವನಗರಕ್ಕೆ ಬಂದವರು. ಇಲ್ಲಿ ಎಲ್ಲದಕ್ಕೂ ಸೆಕ್ಟರ್ ನಂಬರು. ಆದರೆ ಹಿರಿಯರಿಗೆ ಫೋನ್ ಹಚ್ಚಿ ಮನೆ ಎಲ್ಲಿ ಅಂತ ಕೇಳಿ ನೋಡಿ.

"ಎಣ್ಣಿ ಗಾಣದವರ ಮನಿ ಗೊತ್ತೈತಿಲ್ಲೋ? ಅವರ ಬಾಜೂಕ ನಾವು."

"ಗಾಣದವರು ಎಲ್ಲಿ ಅದಾರ್ರಿ?"

"ಅವರು ಈಗ ಆ ತುದಿ ಸೆಕ್ಟರಿನಾಗ ಅದಾರ. ನಾವು ಈ ತುದಿ."

"ಮತ್ತ ಬಾಜೂಕ ಅಂದ್ರಿ?"

"ಹಳೇ ಊರಾಗ ಪಾ!"

ಅರ್ಧ ದಿನ ನೀರಿನೊಳಗಿನ ಮನೆಗಳನ್ನೇ ಹುಡುಕುವುದಾಗುತ್ತಿತ್ತು. ಕಡೆಗೆ ಒಂದು ನೋಟುಬುಕ್ಕು ಮಾಡಿದೆ. ಯಾರ ಮನೆ ಯಾರ ಬಾಜೂಕ, ಯಾವ ಗಿಡ, ಯಾವ ಕಟ್ಟೆ, ಬಾಗಿಲಿಗೆ ಯಾವ ಬಣ್ಣ, ಕೇಳಿ ಕೇಳಿ ಬರೆದುಕೊಂಡೆ. ನಾನು ಕಣ್ಣಿನಿಂದ ಕಾಣದ ಊರು ಬಾಯಿಪಾಠ ಆಯಿತು. ಹಿರಿಯರಿಗೆ ನಾನೆಂದರೆ ಪ್ರೀತಿ. "ಏ, ಇಂವ ಹಳೇ ಊರಿನ ಹುಡುಗನ ನೋಡು" ಅನ್ನುತ್ತಿದ್ದರು. ನಾನು ಅಲ್ಲ ಅನ್ನಲಿಲ್ಲ.

ಒಂದು ಮಧ್ಯಾಹ್ನ ಮೊಣಕಾಲಿನ ಎಣ್ಣೆಯ ಪಾರ್ಸಲ್ ತಗೊಂಡು ಒಬ್ಬ ಅಜ್ಜನ ಮನೆಗೆ ಹೋದೆ.

"ಹಳೇ ಊರಾಗ ನಿಮ್ಮದು ಯಾ ಓಣಿ?" ಅಂದ ಅಜ್ಜ.

ತಲೆಯಲ್ಲಿ ಯಾವುದು ಮೊದಲು ಬಂತೋ ಅದನ್ನು ಹೇಳಿದೆ. "ಹೊಳಿ ದಂಡಿ ಓಣಿರಿ. ಬೇವಿನ ಗಿಡದ ಎದುರಿಗೆ ನೀಲಿ ಬಾಗಿಲ ಮನಿ. ಅಲ್ಲೇ ಹುಟ್ಟೀನ್ರಿ ನಾ."

ಅಜ್ಜ ಪಾರ್ಸಲ್ ಕೆಳಗಿಟ್ಟ. ಆಮೇಲೆ ಒಳಗೆ ಮಾರಿ ಮಾಡಿ ಕೂಗಿದ: "ಏ ಇಕಿನ, ಹೊರಗ ಬಾ! ನಿನ್ನ ಮಗ ಬಂದಾನ!"

ಅಜ್ಜಿ ಸೆರಗಿಗೆ ಕೈ ಒರೆಸುತ್ತ ಬಂದಳು. "ಯಾ ಮಗ?"

"ಗೊತ್ತಿಲ್ಲ. ನಮಗಿಬ್ಬರಿಗೂ ತಿಳೀದಂಗ ನಮ್ಮ ನೀಲಿ ಬಾಗಿಲ ಮನ್ಯಾಗ ಹುಟ್ಟ್ಯಾನಂತ!"

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹುಟ್ಟಿದವ ಇಷ್ಟು ವರ್ಷ ಎಲ್ಲಿ ಹೋಗಿದ್ದಿ? ಬಾ, ಉಣ್ಣು ಬಾ."

ಉಂಡೆ. ಮರುದಿನ ನೋಟುಬುಕ್ಕನ್ನು ಆಫೀಸಿನ ಟೇಬಲ್ಲಿನ ಮೇಲಿಟ್ಟು ನಡೆದೆ. ಹಂಗೇ ಇದ್ದಿದ್ದರೆ ಅವರು ನನಗೆ ಕನ್ಯಾ ನೋಡುತ್ತಿದ್ದರು.

೪. ಯಾವ ಗುರುವಾರ?

ಹುನಗುಂದಕ್ಕೆ ಬಂದೆ. ಮಾವ ಅಂಗಡಿಯಲ್ಲಿ ಒಬ್ಬ ಹೆಣ್ಣುಮಗಳ ಕುಬಸದ ಅಳತೆ ಬರೆದುಕೊಳ್ಳುತ್ತಿದ್ದರು.

"ಗುರುವಾರ ತಗೊಂಡು ಹೋಗ್ರಿ" ಅಂದರು.

ಆಕೆ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿ, "ನಿಮ್ಮ ಗುರುವಾರನೋ, ನಿಮ್ಮ ಅಳಿಯನ ಗುರುವಾರನೋ?" ಅಂದಳು.

ನಗುತ್ತಲೇ ಅಂದಳು. ಆದರೆ ಮಾವನ ಪೆನ್ಸಿಲ್ ನಿಂತಿತು. ಇಪ್ಪತ್ತೈದು ವರ್ಷ ಯಾರೂ ಅವರ ಗುರುವಾರದ ಬಗ್ಗೆ ಎರಡನೇ ಮಾತು ಕೇಳಿದ್ದಿಲ್ಲ. ಖಾನಾವಳಿಯವರು, ಲಾಡ್ಜಿನವರು, ಪಾರ್ಸಲ್ಲಿನವರು, ಎಲ್ಲರೂ ಅವರ ಗಿರಾಕಿಗಳೇ. ನಾನು ಎದ್ದು ನಡೆದಾಗಲೆಲ್ಲ ಮಾವನ ಮಾತಿನಲ್ಲಿ ಒಂದೊಂದು ಹೊಲಿಗೆ ಬಿಚ್ಚಿತ್ತು.

ಆಕೆ ಹೋದ ಮೇಲೆ ಮಾವ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ಇಲಕಲ್ಲಿನಾಗ ನಿಮ್ಮ ಅತ್ತಿ ಅಕ್ಕನ ಮನ್ಯಾಗ ಮಗ್ಗ ಖಾಲಿ ಐತಿ. ಕಡೀ ಸಲ ಹೇಳ್ತೇನಿ. ಅದು ನಾ ಹೆಣ್ಣು ತಂದ ಓಣಿ. ಅಲ್ಲೂ ನೀ ಓಡಿ ಹೋದ್ರ ನಾ ಆ ಓಣಿಗಿ ಕಾಲಿಡಾಂಗಿಲ್ಲ."

ಒಳಗಿನಿಂದ ಅತ್ತಿ ಅಂದಳು: "ಹಂಗಾದ್ರ ಹಬ್ಬಕ್ಕ ತವರುಮನಿಗಿ ನಾ ಒಬ್ಬಾಕಿನ ಹೋಗಬೇಕಾಗತೈತಿ."

ಮಾವನ ಮುಖ ಒಂದು ಕ್ಷಣ ಅರಳಿತು. ಆಮೇಲೆ ಎಚ್ಚರಾಗಿ ಮತ್ತೆ ಗಂಭೀರವಾಯಿತು.

೫. ಕುಂತ ಜಾಗಾ ಬಿಡಬ್ಯಾಡ

ಇದು ಇಲಕಲ್ಲಿಗೆ ಹೊರಟಾಗಿನ ಉಪದೇಶ. ನೋಡಿದರೆ ಅಲ್ಲಿ ಜಾಗ ಬಿಡುವುದು ಸಾಧ್ಯವೇ ಇರಲಿಲ್ಲ. ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯಲ್ಲಿ ಸೊಂಟದವರೆಗೆ ಕಾಲು ಇಳಿಬಿಟ್ಟು ಕೂರಬೇಕು. ಕಾಲಿಂದ ತುಳಿದರೆ ದಡಕ್, ಅಡ್ಡನೂಲಿನ ಲಾಳಿ ಎಳೆಗಳ ನಡುವೆ ಓಡಿದರೆ ಸರ್ರ್, ಹಲಗೆ ಬಡಿದರೆ ಟಪ್. ದಡಕ್-ಸರ್ರ್-ಟಪ್. ಓಣಿಯ ತುಂಬ ಮನೆಮನೆಯಿಂದ ಅದೇ ಸಪ್ಪಳ. ಯಾರದಾದರೂ ಮಗ್ಗ ಸ್ವಲ್ಪ ಹೊತ್ತು ನಿಂತರೆ ಸಾಕು, ಎದುರು ಮನೆಯಿಂದ ಒಂದು, ಬಾಜೂ ಮನೆಯಿಂದ ಒಂದು ದನಿ: "ಯಾಕೋ, ನಿಂತಿತಲ್ಲ?" ಬೇರೆ ಕಡೆ ಬೆರಳಚ್ಚಿನ ಹಾಜರಿ ಯಂತ್ರ ಇರುತ್ತದೆ. ಇಲ್ಲಿ ಇಡೀ ಓಣಿಯೇ ಹಾಜರಿ ಯಂತ್ರ.

ಮನೆಯ ಒಡತಿ, ಅತ್ತಿಯ ಅಕ್ಕ, ಓಣಿಗೆಲ್ಲ ದೊಡ್ಡಕ್ಕ. ಆಕೆಯೇ ಕಲಿಸಿದಳು. "ಒಂದು ಸೀರಿಗಿ ಒಂದ ಕೈ. ನಡುವ ಕೈ ಬದಲಾದ್ರ ಬಡಿತ ಬದಲಾಗತೈತಿ, ಬಟ್ಟಿ ಮ್ಯಾಲ ಗೆರಿ ಬೀಳತೈತಿ. ಹೋಗೂದಿದ್ರ ಸೀರಿ ಮುಗಿಸಿ ಮಗ್ಗದಿಂದ ಇಳಿಸಿ ಹೋಗು." ಆರು ತಿಂಗಳು ಕುಳಿತೆ. ನನ್ನ ಬಾಳಿನಲ್ಲೇ ಅಷ್ಟು ದಿನ ಒಂದು ಕಡೆ ಕುಳಿತದ್ದಿಲ್ಲ. ಮಾವ ದಿನಾ ಫೋನ್ ಹಚ್ಚಿ, ನನ್ನ ಜೋಡಿ ಮಾತಾಡದೆ, "ಸ್ವಲ್ಪ ಫೋನ್ ಮಗ್ಗದ ಹತ್ತರ ಹಿಡೀರಿ" ಅಂತ ದೊಡ್ಡಕ್ಕನಿಗೆ ಹೇಳಿ ಸಪ್ಪಳ ಕೇಳಿ ಇಡುತ್ತಿದ್ದರು.

ಅಷ್ಟರಲ್ಲಿ ಒಂದು ಲಗ್ನದ ಸೀರೆ ಬಂತು. ಸೀರೆ ನಾನು ನೇಯುವುದು, ಅದರ ಜೋಡಿ ಕುಬಸ ಮಾವ ಹೊಲಿಯುವುದು. ಮದುವಣಗಿತ್ತಿಯ ತಾಯಿಗೆ ಮಾವ, "ಗುರುವಾರ ಎರಡೂ ನಿಮ್ಮ ಕೈಯಾಗ" ಅಂದುಬಿಟ್ಟಿದ್ದರು. ಅಂದರೆ ಈ ಸಲದ ಗುರುವಾರ ಇಬ್ಬರದೂ.

ಬುಧವಾರ ಮಧ್ಯಾಹ್ನ ಮಾವ ತಡೆಯಲಾರದೆ ತಾವೇ ಬಂದರು. ಸೀರೆ ಇನ್ನು ಒಂದೂವರೆ ಮೊಳ ಉಳಿದಿತ್ತು. ದೊಡ್ಡಕ್ಕ ಎರಡು ಮನೆಯಾಚೆ ಹೋಗಿದ್ದಳು. ಅಲ್ಲಿ ಬೇರೊಂದು ಸೀರೆಗೆ ಸೆರಗಿನ ಎಳೆಗೂ ಮೈಯ ಎಳೆಗೂ ಕುಣಿಕೆ ಹಾಕಿ ಕೂಡಿಸುವುದಿತ್ತು, ಆ ಕೆಲಸಕ್ಕೆ ಮೂರು ಮಂದಿ ಬೇಕು. ಮನೆಯಲ್ಲಿ ನಾನು ಮತ್ತು ಮಾವ ಇಬ್ಬರೇ. ಅದೇ ಹೊತ್ತಿಗೆ ಹೊರಗೆ ದೊಡ್ಡ ರಸ್ತೆಯಲ್ಲಿ ಗ್ರಾನೈಟ್ ಲಾರಿಯೊಂದು ಉದ್ದಕ್ಕೆ ಹಾರ್ನ್ ಹೊಡೆಯಿತು. ತಲೆ ಎತ್ತಿದೆ. ಬಾಗಿಲು ತೆರೆದಿತ್ತು.

ಅದು ಯಾಕೆ ಹಂಗಾಗುತ್ತದೆ ಅಂತ ನನ್ನನ್ನು ಕೇಳಬೇಡಿ. ಅಂಗಾಲು ತುರಿಸಿತು.

"ಮಾವಾ, ಸ್ವಲ್ಪ ಕುಂಡ್ರಿ. ಸುಮ್ಮ ತುಳೀರಿ, ಹಲಗಿ ಬಡೀರಿ. ಸಪ್ಪಳ ನಿಂತ್ರ ಓಣಿ ಎಲ್ಲಾ ಕೇಳತೈತಿ. ನಾ ನೀರು ಕುಡದು ಬರ್ತೇನಿ."

ಮಾವ ಧೋತರ ಎತ್ತಿ ಕುಣಿಗೆ ಇಳಿದರು. ನಾನು ಬಸ್ ಸ್ಟ್ಯಾಂಡಿಗೆ ಹೋದೆ.

ಬಾದಾಮಿ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತು. ಡ್ರೈವರು ಇನ್ನೂ ಚಹಾ ಕುಡಿಯುತ್ತಿದ್ದ. ಕರವಸ್ತ್ರ ತೆಗೆಯೋಣ ಅಂತ ಕಿಸೆಗೆ ಕೈ ಹಾಕಿದರೆ ಏನೋ ನುಣ್ಣಗೆ ತಾಗಿತು. ಲಾಳಿ. ಕೈಯಲ್ಲಿದ್ದದ್ದನ್ನು ಹಂಗೇ ಕಿಸೆಗೆ ಹಾಕಿಕೊಂಡು ಬಂದುಬಿಟ್ಟಿದ್ದೆ. ಅವತ್ತು ಸೀಮೆಸುಣ್ಣ, ಇವತ್ತು ಲಾಳಿ.

ಸೀಮೆಸುಣ್ಣ ಇಲ್ಲದಿದ್ದರೆ ಮಾಸ್ತರರು ಬಾಯಿಂದ ಪಾಠ ಹೇಳುತ್ತಾರೆ. ಲಾಳಿ ಇಲ್ಲದ ಮಗ್ಗದಲ್ಲಿ ಮಾವ ಏನು ಮಾಡುತ್ತಾರೆ? ಬರೇ ತುಳಿಯುತ್ತಾರೆ. ನಿಲ್ಲಿಸುವ ಹಂಗಿಲ್ಲ. ನಿಲ್ಲಿಸಿದರೆ ಓಣಿ ಕೇಳುತ್ತದೆ, ಓಣಿ ಕೇಳಿದರೆ ಅಳಿಯ ಓಡಿಹೋದ ಅಂತ ಗೊತ್ತಾಗುತ್ತದೆ, ನಾಳೆ ಗುರುವಾರ. ಆ ಮನುಷ್ಯ ತನ್ನ ಗುರುವಾರವನ್ನು ಎರಡೂ ಕಾಲಿಂದ ತುಳಿಯುತ್ತ ಕುಳಿತದ್ದು ನನ್ನ ಕಣ್ಣಿಗೆ ಕಟ್ಟಿತು. ಡ್ರೈವರು ಬಸ್ಸು ಚಾಲು ಮಾಡಿದ. ನಾನು ಇಳಿದೆ. ಎದ್ದು ನಡೆದ ಜಾಗಕ್ಕೆ ತಿರುಗಿ ಹೋದದ್ದು ಬಾಳಿನಲ್ಲಿ ಅದೇ ಮೊದಲು. ಹಾದಿಯೇ ಹೊಸದು ಅನ್ನಿಸಿತು.

ಯಾರ ಕಣ್ಣಿಗೂ ಬೀಳಬಾರದು ಅಂತ ಓಣಿಯ ಹಿಂದಿನ ಸಂದಿಯಿಂದ ಬಂದಾಗ ಒಂದೂ ಮಗ್ಗದ ಸಪ್ಪಳ ಇರಲಿಲ್ಲ, ನಮ್ಮ ಮನೆಯದೊಂದು ಬಿಟ್ಟು. ಊಟದ ಹೊತ್ತಿರಬೇಕು ಅಂದುಕೊಂಡು ಹಿತ್ತಲ ಬಾಗಿಲಿನಿಂದ ಒಳಗೆ ಹೊಕ್ಕೆ. ಮಾವನ ಟೊಪ್ಪಿಗೆ ಒಂದು ಕಡೆ, ಕನ್ನಡಕ ಒಂದು ಕಡೆ. ಬೆವರಿನಿಂದ ಅಂಗಿ ಬೆನ್ನಿಗೆ ಅಂಟಿತ್ತು. ದಡಕ್-ಟಪ್, ದಡಕ್-ಟಪ್, ಎತ್ತು ಗಾಣ ತಿರುಗಿದ ಹಂಗೆ ನಡೆದಿತ್ತು. ಹೊರಗಿನಿಂದ ಯಾರೋ, "ಊಟ ಆತೇನೋ ತಮ್ಮಾ?" ಅಂದರು. ಮಾತಾಡಿದರೆ ದನಿ ಗೊತ್ತಾಗುತ್ತದೆ ಅಂತ ಮಾವ ಹಲಗೆಯನ್ನು ಎರಡು ಸಲ ಜೋರಾಗಿ ಬಡಿದು ಉತ್ತರ ಕೊಟ್ಟರು.

ನನ್ನನ್ನು ನೋಡಿದ ಮೇಲೂ ಕಾಲು ನಿಲ್ಲಿಸಲಿಲ್ಲ. ಪಿಸುದನಿಯಲ್ಲಿ ಅಂದರು: "ಲೇ, ನೀರು ಕುಡಿಯಾಕ ಆಲಮಟ್ಟಿಗಿ ಹೋಗಿದ್ದಿಯೇನಲೇ?"

ಕುಣಿಗೆ ಇಳಿದೆ. ಸಂಜೆಯೊಳಗೆ ಸೀರೆ ಇಳಿಸಿದೆ. ಮಾವ ಕುಂಟುತ್ತ ಕುಂಟುತ್ತ ಹುನಗುಂದಕ್ಕೆ ಹೋಗಿ ಕುಬಸ ಹೊಲಿದರು. ಗುರುವಾರ ಎರಡೂ ಮುಟ್ಟಿದವು. ಆ ಬುಧವಾರದ ವಿಷಯ ಯಾರಿಗೂ ಹೇಳುವುದಿಲ್ಲ ಅಂತ ಮಾವ ನನ್ನಿಂದ ಆಣೆ ಹಾಕಿಸಿಕೊಂಡರು.

ಅದಾದ ಮೇಲೆ ಇನ್ನೂ ಮೂರು ಸೀರೆ ನೇಯ್ದೆ. ಅಂಗಾಲು ಮತ್ತೆ ತುರಿಸುತ್ತಿದೆ, ಅದೇನೂ ಹೋಗುವ ರೋಗವಲ್ಲ. ಈ ಸಲ ಮಾತ್ರ ಎಂಟು ದಿನ ಮೊದಲೇ ದೊಡ್ಡಕ್ಕನಿಗೆ ಹೇಳಿದೆ, ಹಿಡಿದ ಸೀರೆ ಮುಗಿಸಿ ಇಳಿಸಿದೆ, ಮಾವನಿಗೂ ಫೋನ್ ಹಚ್ಚಿದೆ. "ಹೇಳಿ ಹೋಗಾಕತ್ತಿಯಲ್ಲ, ಸಾಕು ಬಿಡಪಾ" ಅಂದರು. ಇವತ್ತು ಮುಂಜಾನೆ ಚೀಲ ಕಟ್ಟಿದೆ. ಎರಡು ಅಂಗಿ, ಒಂದು ಚಾದರ, ದೊಡ್ಡಕ್ಕ ಕಟ್ಟಿಕೊಟ್ಟ ಖಡಕ್ ರೊಟ್ಟಿ. ಕಿಸೆಯನ್ನೂ ಮುಟ್ಟಿ ನೋಡಿಕೊಂಡೆ. ಲಾಳಿ ಮಗ್ಗದ ಮೇಲೇ ಇತ್ತು.

"ಹೊಸ ಮಾಲಕರು ಫೋನ್ ಹಚ್ಚಿ ಕೇಳಿದ್ರ ನನ್ನ ಬಗ್ಗೆ ಏನಂತ ಹೇಳ್ತೀರಿ?" ಅಂದೆ ದೊಡ್ಡಕ್ಕನಿಗೆ.

"ಎದ್ದು ಹೋಗ್ತಾನ, ಆದ್ರ ಲಾಳಿ ತಿರುಗಿ ತರ್ತಾನ ಅಂತ ಹೇಳ್ತೇನಿ."

ಚೀಲ ಕೆಳಗಿಟ್ಟೆ. "ನಿಮಗ... ಗೊತ್ತಿತ್ತೇನ್ರಿ?"

"ನಾಲ್ವತ್ತು ವರ್ಷ ಆತಪಾ ಮಗ್ಗ ಕೇಳಾಕತ್ತು. ದಡಕ್ ಐತಿ, ಟಪ್ ಐತಿ, ನಡುವ ಸರ್ರ್ ಇಲ್ಲ. ನನಗಷ್ಟ ಅಲ್ಲ, ಇಡೀ ಓಣಿಗಿ ಗೊತ್ತಾತು."

"ಮತ್ತ ಯಾರೂ ಯಾಕ ಬರಲಿಲ್ರಿ?"

"ಯಾಕ ಬರೂಣು? ಲಗ್ನಾಗಿ ಇಪ್ಪತ್ತೆರಡು ವರ್ಷ, ನಿಮ್ಮ ಮಾವ ಹೆಂಡ್ತಿ ತವರುಮನಿಗಿ ಬಂದಾಗ ಒಂದು ತಂಬಿಗಿ ನೀರು ಸೈತ ಎತ್ತಿಟ್ಟಾವಲ್ಲ. ಎಲ್ಲಾರೂ ತಮ್ಮ ತಮ್ಮ ಮಗ್ಗ ನಿಲ್ಲಿಸಿ, ಹೊರಗ ಕಟ್ಟಿ ಮ್ಯಾಲ ಕುಂತು, ಒಂದು ತಾಸು ಕೇಳಿದಿವಿ."

ಹೊಸ್ತಿಲು ದಾಟುವಾಗ ಹಿಂದಿನಿಂದ ಮತ್ತೆ ಕರೆದಳು.

"ನೀ ಹೋಗಿ ಬಾ. ನಿಮ್ಮ ಮಾವಗ ಹೇಳು, ಹಬ್ಬಕ್ಕ ಬಂದೇ ಬರಬೇಕು ಅಂತ. ಮಗ್ಗ ಖಾಲಿ ಇಟ್ಟಿರ್ತೀವಿ. ಈ ಸಲ ಲಾಳೀನೂ ಕೊಡ್ತೀವಿ."